ಎಡಗೈಯ ಅಕ್ಷರ

ಫೆಬ್ರವರಿ ೧೧

ಡಾಕ್ಟರಮ್ಮನವರಿಗೆ ನಮಸ್ಕಾರ.

ಈ ಕಾಗದ ಯಾರದೆಂದು ತಿಳಿಯದೆ ನೀವು ತಲೆ ಕೆರೆದುಕೊಳ್ಳುವ ಮೊದಲೇ ಹೇಳಿಬಿಡುತ್ತೇನೆ. ನಾನು ಬೋರ್ಡ್ ಬರೆಯುವ ಪೇಂಟರ್. ಹೋದ ತಿಂಗಳು ಹರ್ನಿಯಾ ಆಪರೇಷನ್ನಿಗೆಂದು ನಿಮ್ಮ ಆಸ್ಪತ್ರೆಗೆ ಬಂದು, ಆಪರೇಷನ್ನೂ ಆಗದೆ, ಬಲಗೈಗೆ ಬ್ಯಾಂಡೇಜ್ ಸುತ್ತಿಸಿಕೊಂಡು ವಾಪಸಾದವನು. ನಿದ್ದೆ ಬರಿಸುವ ಇಂಜೆಕ್ಷನ್ ಕೊಟ್ಟವರು ನೀವು. ಹರ್ನಿಯಾ ಇದ್ದ ಜಾಗದಲ್ಲೇ ಸುಖವಾಗಿದೆ.

ಅಕ್ಷರಗಳು ಹೀಗೆ ಕುಡಿದವರ ಹಾಗೆ ತೂರಾಡುತ್ತಿರುವುದು ಎಡಗೈಯಲ್ಲಿ ಬರೆಯುತ್ತಿರುವುದರಿಂದ. ನಿಮ್ಮಲ್ಲಿ ಕೈಗೆ ವ್ಯಾಯಾಮ ಹೇಳಿಕೊಡುವ ಮೇಡಂ, ದಿನಕ್ಕೊಂದು ಪುಟ ಎಡಗೈಯಲ್ಲಿ ಬರೆಯಿರಿ, ಏನು ಬೇಕಾದರೂ ಬರೆಯಿರಿ ಎಂದು ಹೇಳಿ ಕಳಿಸಿದ್ದರು. ಒಂದಷ್ಟು ದಿನ ಬಸ್ಸುಗಳ ಹೆಸರು, ಸಾಬೂನಿನ ಹೆಸರು ಬರೆದೆ. ಬೇಜಾರಾಯಿತು. ಕಾಗದವಾದರೆ ಓದುವವರು ಒಬ್ಬರಾದರೂ ಇರುತ್ತಾರಲ್ಲ ಎಂದುಕೊಂಡೆ.

ಮುಖ್ಯವಾಗಿ ಹೇಳಬೇಕಾದ್ದು ಬೇರೆ. ಅವತ್ತು ಎಡಗೈಯಲ್ಲಿ ನರ ಸಿಗದೆ ನೀವು ಬಲಗೈಯ ಮೊಣಕೈ ಮಡಿಕೆಯಲ್ಲಿ ಸೂಜಿ ಹಾಕಿದಿರಿ. ಕೈ ಅಲ್ಲಾಡಿಸಬೇಡಿ ಎಂದು ಬಿಡಿಸಿ ಹೇಳಿದ್ದಿರಿ. ಮದ್ದು ಒಳಗೆ ಹೋಗುತ್ತಿದ್ದಾಗ ಬೆರಳ ತುದಿಯವರೆಗೂ ಬೆಂಕಿ ಹೊತ್ತಿದ ಹಾಗಾಗಿ ನಾನು ಕೈ ಎಳೆದುಕೊಂಡುಬಿಟ್ಟೆ. ಆಮೇಲೆ ವಾರ್ಡಿನಲ್ಲಿ ನೀವು, "ಸೂಜಿ ಸ್ವಲ್ಪ ಜಾರಿತು, ಒಮ್ಮೊಮ್ಮೆ ಹಾಗಾಗುತ್ತೆ" ಎಂದಿರಿ. ಸೂಜಿ ತಾನಾಗಿ ಜಾರುತ್ತದೆಯೇ? ನಾನು ಜಾರಿಸಿದೆ. ನನ್ನ ಮುಖ ನೋಡಿ ಬೈಯಲು ನಿಮಗೆ ಮನಸ್ಸಾಗಲಿಲ್ಲ, ಅಷ್ಟೆ.

ನನ್ನ ಹೆಂಡತಿಗೆ ಅಂಥ ಸಂಕೋಚವಿಲ್ಲ. ಬೆಳಗ್ಗೆ ಚಹಾ ಕೊಡುವಾಗ ಶುರುವಾದರೆ ದೀಪ ಆರಿಸುವವರೆಗೂ ಅದೇ ಮಾತು. "ಏಣಿ ಮೇಲೆ ನಿಂತು ಗೋಡೆ ಬರೆಯುವಾಗ ಅಲ್ಲಾಡದ ಕೈ ಅಲ್ಲೇ ಅಲ್ಲಾಡಬೇಕಿತ್ತಾ?" ಅನ್ನುತ್ತಾಳೆ.

ತೋರುಬೆರಳು, ನಡುಬೆರಳಿನ ತುದಿ ಕಪ್ಪಗಿವೆ. ಉಳಿದವು ಪರವಾಗಿಲ್ಲ. ಬೇಕರಿಯವನ ಬೋರ್ಡನ್ನು ಅರ್ಧ ಬರೆದು ಬಂದಿದ್ದೆ; ಪಾಪ, ಅವನು ಅರ್ಧ ಹೆಸರಲ್ಲೇ ವ್ಯಾಪಾರ ಮಾಡುತ್ತಿದ್ದಾನೆ. ಕೈ ಸರಿಹೋದ ಕೂಡಲೇ ಅದನ್ನು ಮುಗಿಸಬೇಕು. ನನ್ನಿಂದ ನಿಮಗಾದ ತೊಂದರೆಯನ್ನು ಹೊಟ್ಟೆಗೆ ಹಾಕಿಕೊಳ್ಳಬೇಕಾಗಿ ಕೇಳಿಕೊಳ್ಳುತ್ತೇನೆ.

ಇಂತಿ,
ಪೇಂಟರ್


ಫೆಬ್ರವರಿ ೧೯

ಪೇಂಟರ್ ಅವರಿಗೆ,

ನಿಮ್ಮ ಪತ್ರ ತಲುಪಿತು. ಕೈಯನ್ನು ಒದ್ದೆಯಾಗಲು ಬಿಡದೆ ಸದಾ ಬೆಚ್ಚಗೆ ಸುತ್ತಿಡಿ. ಆದರೆ ಬಿಸಿನೀರಿನಲ್ಲಿ ಅದ್ದಬೇಡಿ. ಬೆರಳಿಗೆ ಸ್ಪರ್ಶ ತಿಳಿಯದಿರುವಾಗ ಸುಟ್ಟರೂ ಗೊತ್ತಾಗುವುದಿಲ್ಲ. ಸಿಗರೇಟು ಪೂರ್ತಿ ಬಿಟ್ಟುಬಿಡಿ, ಅದು ರಕ್ತನಾಳಗಳನ್ನು ಕುಗ್ಗಿಸುತ್ತದೆ. ಕಪ್ಪು ಮೇಲಕ್ಕೆ ಹರಡಿದರೆ ಅಥವಾ ವಾಸನೆ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಇಂಥ ತೊಂದರೆ ಅಪರೂಪಕ್ಕೆ ಆಗುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಮನೆಯವರಿಗೂ ಹಾಗೆಯೇ ತಿಳಿಸಿ.

ಪತ್ರ ಬರೆಯುತ್ತಿರಿ. ಕೈಗೆ ಅಭ್ಯಾಸವಾಗುತ್ತದೆ.

ಇಂತಿ,
ಅರಿವಳಿಕೆ ವೈದ್ಯೆ


ಮಾರ್ಚ್ ೫

ಡಾಕ್ಟರಮ್ಮನವರಿಗೆ,

ನಿಮ್ಮ ಕಾಗದ ಓದಿಸಲು ಔಷಧಿ ಅಂಗಡಿಯವನ ಹತ್ತಿರ ಹೋಗಬೇಕಾಯಿತು. ನಿಮ್ಮ ಬಲಗೈ ಅಕ್ಷರಕ್ಕಿಂತ ನನ್ನ ಎಡಗೈ ಅಕ್ಷರವೇ ವಾಸಿ ಎಂದು ಅವನ ತೀರ್ಮಾನ. ಬೇಸರ ಮಾಡಿಕೊಳ್ಳಬೇಡಿ, ನಿಮಗೆ ಬೋರ್ಡ್ ಬರೆಯುವ ಕೆಲಸವಿಲ್ಲವಲ್ಲ.

ಯಾರ ತಪ್ಪೂ ಇಲ್ಲ ಎಂದು ನೀವು ಬರೆದದ್ದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. "ಯಾರ ತಪ್ಪೂ ಇಲ್ದೆ ಬೆರಳು ತಾನಾಗೇ ಕಪ್ಪಾಗುತ್ತಾ?" ಅಂದಳು ನನ್ನವಳು. ಅವಳ ಮಾತು ಸರಿಯಾಗೇ ಇದೆ. ಡಾಕ್ಟರಮ್ಮ ದೊಡ್ಡ ಮನಸ್ಸಿನವರು, ಅವರು ಬಿಟ್ಟುಕೊಟ್ಟರು ಎಂದ ಮಾತ್ರಕ್ಕೆ ನಾನು ಮಾಡಿದ್ದು ಇಲ್ಲವಾಗುವುದಿಲ್ಲ ಎಂದು ಒಪ್ಪಿಕೊಂಡೆ.

ನಮ್ಮೂರ ಆಸ್ಪತ್ರೆಗೆ ಈಗ ಒಬ್ಬ ಸರ್ಜನ್ ಬಂದಿದ್ದಾರೆ. ಆಗಲೇ ಬಂದಿದ್ದರೆ ನಾನು ಅಷ್ಟು ದೂರ ಬರಬೇಕಿರಲಿಲ್ಲ. ಅವರು ಕೈ ನೋಡಿ, ಎರಡು ಬೆರಳು ಅರ್ಧ ಹೋಗುತ್ತವೆ, ಇನ್ನು ಕಾಯುವುದರಲ್ಲಿ ಅರ್ಥವಿಲ್ಲ ಎಂದರು. ಬ್ರಷ್ ಹಿಡಿಯುವ ಬೆರಳುಗಳೇ ಅವೆರಡು. ಇನ್ನೊಬ್ಬರನ್ನು ಕೇಳೋಣವೇ ಎಂದು ಭಾವಮೈದ ಹೇಳಿದ. ನಾನೇ ಬೇಡ ಎಂದೆ. ದಿನಾ ಬೆಳಗ್ಗೆ ಬ್ಯಾಂಡೇಜ್ ಬಿಚ್ಚಿ ನೋಡುವುದು ಸಾಕಾಗಿದೆ.

ಒಂದು ವಿಷಯ ಹೇಳಲೇಬೇಕು. ಅವತ್ತು ನಾನು ಉರಿ ಎಂದಾಗ ನೀವು ಭುಜ ತಟ್ಟಿ, "ಎಲ್ಲರಿಗೂ ಉರಿಯುತ್ತೆ, ಈಗ ಹೋಗುತ್ತೆ, ಕಣ್ಣು ಮುಚ್ಚಿ" ಎಂದಿರಿ. ನನ್ನ ತಾಯಿ ಹೇಳಿದ ಹಾಗಿತ್ತು. ಬೆರಳಿನ ನೋವು ಹೆಚ್ಚಾದಾಗ ಈಗಲೂ ಆ ಮಾತನ್ನು ನೆನೆಸಿಕೊಂಡು ಕಣ್ಣು ಮುಚ್ಚುತ್ತೇನೆ.

ಇಂತಿ,
ಪೇಂಟರ್


ಮಾರ್ಚ್ ೧೨

ಪೇಂಟರ್ ಅವರಿಗೆ,

ಈ ಸಲ ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ, ಅಂಗಡಿಯವರಿಗೆ ತೊಂದರೆ ಬೇಡ.

ನಿಮ್ಮ ಸರ್ಜನ್ ಹೇಳಿದ್ದು ಸರಿ. ಅವರೊಂದಿಗೆ ಫೋನಿನಲ್ಲಿ ಮಾತನಾಡಿದೆ. ಬೆರಳಿನ ಬುಡದಲ್ಲಿ ಮಾತ್ರ ಮರಗಟ್ಟಿಸಿ ಮಾಡುತ್ತಾರೆ, ಪೂರ್ತಿ ನಿದ್ದೆ ಬರಿಸುವುದಿಲ್ಲ. ಹೆದರಬೇಡಿ. ಬೇಕಿದ್ದರೆ ನಾನು ಬರುತ್ತೇನೆ; ರಜೆ ಸಿಗುತ್ತದೆ. ಜೊತೆಯ ಪೊಟ್ಟಣದಲ್ಲಿ ಸ್ಪಂಜಿನ ಹಿಡಿಗಳಿವೆ. ಬ್ರಷ್ಷಿನ ಹಿಡಿಗೆ ತೊಡಿಸಿದರೆ ಎಡಗೈಗೆ ಹಿಡಿಯಲು ಸುಲಭ. ಬೇರೆ ಅಳತೆಯದು ಬೇಕಾದರೆ ತಿಳಿಸಿ. ನೋವಿಗೆ ಅವರು ಬರೆದುಕೊಟ್ಟ ಮಾತ್ರೆಗಳ ಹೆಸರು ಬರೆಯಿರಿ. ರಾತ್ರಿ ನಿದ್ದೆ ಬರುತ್ತದೆಯೇ? ಊಟ ಸೇರುತ್ತದೆಯೇ?

ಮನೆಯವರು ನಿಮ್ಮನ್ನು ಬೈಯದಿರಲಿ. ಇದನ್ನು ನಾನು ಹೇಳಿದೆನೆಂದೇ ಅವರಿಗೆ ಹೇಳಿ.

ಆ ದಿನದ ಬಗ್ಗೆ ನಿಮಗೆ ಹೇಳಬೇಕಾದ ಒಂದು ಮಾತಿದೆ. ಕಾಗದದಲ್ಲಿ ಬರೆಯಲು ಆಗುತ್ತಿಲ್ಲ. ಭೇಟಿಯಾದಾಗ ಹೇಳುತ್ತೇನೆ.

ಇಂತಿ,
ಅರಿವಳಿಕೆ ವೈದ್ಯೆ


ಏಪ್ರಿಲ್ ೬

ಡಾಕ್ಟರಮ್ಮನವರಿಗೆ,

ಬೆರಳುಗಳು ಹೋದವು. ನಡುಗೆಣ್ಣಿನವರೆಗೆ. ಗಾಯ ಒಣಗಿದೆ. ಹೋದ ಮೇಲೂ ತುದಿಯಲ್ಲಿ ತುರಿಕೆ ಬರುತ್ತದೆ, ಕೆರೆದುಕೊಳ್ಳಲು ಹೋದರೆ ಅಲ್ಲಿ ಬೆರಳಿಲ್ಲ. ಮೊದಲ ಸಲ ನಕ್ಕೆ. ಈಗ ನಗು ಬರುವುದಿಲ್ಲ.

ಬೇಕರಿಯವನು ಕಾದು ಕಾದು, ಯಂತ್ರದಲ್ಲಿ ಅಚ್ಚು ಹಾಕಿದ ಬೋರ್ಡು ತಂದು ನನ್ನದರ ಮೇಲೆ ಹೊಡೆಸಿದ. ಬೇಜಾರು ಮಾಡ್ಕೋಬೇಡಿ ಎಂದು ಮನೆಗೆ ಬಂದು ಹೇಳಿ ಹೋದ. ಅವನದೇನೂ ತಪ್ಪಿಲ್ಲ. ಅವತ್ತು ಮಾತ್ರ ನಾನು ಆ ಬೀದಿ ಬಿಟ್ಟು ಸುತ್ತಿಕೊಂಡು ಮನೆಗೆ ಬಂದೆ.

ಬೆರಳು ತೆಗೆಯುವ ದಿನ ನಿಮಗೇಕೆ ತೊಂದರೆ ಎಂದು ಬರಹೇಳಲಿಲ್ಲ. ನಿಮ್ಮ ಸ್ಪಂಜು ಬಹಳ ಉಪಯೋಗಕ್ಕೆ ಬಂತು. ಹೇಳಬೇಕಾದ ಮಾತಿದೆ ಎಂದು ಬರೆದಿದ್ದೀರಿ. ಅದೇನೆಂದು ನನಗೆ ಗೊತ್ತು. ನಾನು ಕೈ ಎಳೆದುಕೊಂಡದ್ದಕ್ಕೆ ಒಂದು ಮಾತು ಬೈಯಬೇಕು, ಬೈಯಲು ಮನಸ್ಸು ಬರುತ್ತಿಲ್ಲ, ಅಲ್ಲವೇ? ನನ್ನ ಹೆಂಡತಿ ಬೇರೆಯದೇ ರಾಗ ತೆಗೆಯುತ್ತಾಳೆ. "ಡಾಕ್ಟರು ಯಾರಿಗಾದ್ರೂ ಊಟ ಸೇರುತ್ತಾ ಅಂತ ಕಾಗದ ಬರೀತಾರಾ? ಇದರಲ್ಲಿ ಏನೋ ಇದೆ" ಅನ್ನುತ್ತಾಳೆ. ಅವಳಿಗೆ ಹಾಲಿನವನು ಒಂದು ಲೋಟ ಹೆಚ್ಚು ಹಾಕಿದರೂ ಅನುಮಾನ. ಒಳ್ಳೆಯವರು ಒಳ್ಳೆಯವರಾಗಿರುವುದನ್ನು ನೋಡಿ ಅಭ್ಯಾಸವಿಲ್ಲ ನಿನಗೆ ಎಂದು ಗದರಿಸಿದೆ.

ನಿಮಗೆ ಏನಾದರೂ ಕೊಡಬೇಕೆಂದು ಬಹಳ ದಿನದಿಂದ ಯೋಚಿಸುತ್ತಿದ್ದೆ. ನನ್ನ ಹತ್ತಿರ ಇರುವುದು ಅಕ್ಷರ ಒಂದೇ. ಆಪರೇಷನ್ ಕೋಣೆಯಲ್ಲಿ ಹಾಕಲು ಒಂದು ಬೋರ್ಡು ಬರೆದಿದ್ದೇನೆ. ಎಡಗೈಯಲ್ಲಿ ಬರೆದ ಮೊದಲ ಬೋರ್ಡು, ನೀಲಿಯ ಮೇಲೆ ಬಿಳಿ. "ಇಂಜೆಕ್ಷನ್ ಕೊಡುವಾಗ ಕೈ ಅಲ್ಲಾಡಿಸಬೇಡಿ. ಉರಿದರೂ ಸುಮ್ಮನಿರಿ." ನಾನು ಮಾಡಿದ ತಪ್ಪನ್ನು ಇನ್ನೊಬ್ಬರು ಮಾಡದಿರಲಿ. ಬಣ್ಣ ಒಣಗಲಿ, ವಾರ ಬಿಟ್ಟು ಬಸ್ಸಿನಲ್ಲಿ ಹಾಕಿ ಕಳಿಸುತ್ತೇನೆ.

ಹರ್ನಿಯಾಕ್ಕೆ ಜೂನ್ ತಿಂಗಳಲ್ಲಿ ನಿಮ್ಮಲ್ಲಿಗೇ ಬರುತ್ತೇನೆ. ಇಲ್ಲಿ ಸರ್ಜನ್ ಇದ್ದರೂ ಬೇಡ. ನಿದ್ದೆ ಬರಿಸುವುದಾದರೆ ನೀವೇ ಬರಿಸಬೇಕು. ಈ ಸಲ ಕಲ್ಲಿನ ಹಾಗೆ ಮಲಗಿರುತ್ತೇನೆ.

ಇಂತಿ,
ನಿಮ್ಮ ಪೇಂಟರ್


ಏಪ್ರಿಲ್ ೧೧

ಪೇಂಟರಣ್ಣ,

ಆ ಬೋರ್ಡನ್ನು ಕಳಿಸಬೇಡಿ. ದಯವಿಟ್ಟು ಕಳಿಸಬೇಡಿ. ಭೇಟಿಯಾದಾಗ ಹೇಳುತ್ತೇನೆ ಎಂದು ತಪ್ಪಿಸಿಕೊಂಡ ಮಾತನ್ನು ಈಗಲೇ ಬರೆಯುತ್ತೇನೆ.

ನೀವು ಕೈ ಅಲ್ಲಾಡಿಸಿದ್ದರಿಂದ ಏನೂ ಆಗಲಿಲ್ಲ. ಸೂಜಿ ಜಾರಲೇ ಇಲ್ಲ. ಮೊದಲಿನಿಂದಲೂ ಅದು ಇರಬಾರದ ಕಡೆಯೇ ಇತ್ತು. ಮೊಣಕೈ ಮಡಿಕೆಯಲ್ಲಿ, ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ನಾಳದ ಪಕ್ಕದಲ್ಲೇ ಬೆರಳುಗಳಿಗೆ ರಕ್ತ ತರುವ ನಾಳವೂ ಇರುತ್ತದೆ. ಕೆಲವರಲ್ಲಿ ಚರ್ಮಕ್ಕೆ ತೀರಾ ಹತ್ತಿರ. ಮದ್ದು ಹೋಗಬೇಕಾದ್ದು ಮೊದಲನೆಯದರಲ್ಲಿ. ನಾನು ಚುಚ್ಚಿದ್ದು ಎರಡನೆಯದಕ್ಕೆ. ಅಷ್ಟೇ ಆಗಿದ್ದರೆ, ಎಂಥವರ ಕೈಯಲ್ಲೂ ಆಗಬಹುದಾದ ತಪ್ಪು ಎಂದು ನಿಮಗೆ ಮುಖ ಕೊಟ್ಟು ಹೇಳಬಹುದಿತ್ತು.

ನಾನು ಕಲಿತ ದೊಡ್ಡ ಆಸ್ಪತ್ರೆಯಲ್ಲಿ ನಿದ್ದೆ ಬರಿಸಲು ಹಾಲಿನ ಬಣ್ಣದ ಮದ್ದು ಕೊಡುತ್ತಿದ್ದೆವು. ಅದು ಸರಿಯಾದ ನಾಳದಲ್ಲಿ ಹೋದರೂ ಉರಿಯುತ್ತದೆ. ಉರಿಯುತ್ತೆ ಎಂದವರಿಗೆಲ್ಲ ನಾನು ಭುಜ ತಟ್ಟಿ ಅದೇ ಮಾತು ಹೇಳಿದ್ದೇನೆ, ಹೇಳಿದಂತೆಯೇ ಉರಿ ಹೋಗಿದೆ, ಅವರು ಮಲಗಿದ್ದಾರೆ. ನೀವು ಬಂದ ವಾರ ಆ ಬಿಳಿ ಮದ್ದು ನಮಗೆ ಬಂದಿರಲಿಲ್ಲ. ಕಪಾಟಿನಲ್ಲಿದ್ದದ್ದು ಹಳೆಯ ಥಯೋಪೆಂಟೋನ್. ಹಳದಿ ಪುಡಿ, ನೀರಿನಲ್ಲಿ ಕರಗಿಸಿ ಕೊಡಬೇಕು. ಅದು ಕೆಟ್ಟ ಮದ್ದಲ್ಲ. ನಾನು ಹುಟ್ಟುವ ಮೊದಲಿನಿಂದಲೂ ಲಕ್ಷಾಂತರ ಜನ ಅದರಿಂದ ಮಲಗಿ ಸುಖವಾಗಿ ಎದ್ದಿದ್ದಾರೆ. ಎಷ್ಟು ನೀರು, ನಿಮ್ಮ ತೂಕಕ್ಕೆ ಎಷ್ಟು ಮದ್ದು, ಎಲ್ಲ ಸರಿಯಾಗಿ ಲೆಕ್ಕ ಹಾಕಿ, ಹಾಕಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಆದರೆ ಈ ಹಳದಿ ಮದ್ದು ಸರಿಯಾದ ನಾಳದಲ್ಲಿ ಹೋಗುತ್ತಿದ್ದರೆ ಹಾಗೆ ಉರಿಯುವುದಿಲ್ಲ. ಅದಕ್ಕೇ ಮೊದಲು ಒಂದು ಚೂರು ಕೊಟ್ಟು, ಕೈ ತಡೆದು, ಉರಿಯುತ್ತಿದೆಯೇ ಎಂದು ಮಲಗಿದವರನ್ನು ಕೇಳಬೇಕು. ಹೌದು ಎಂದರೆ ಅಲ್ಲೇ ನಿಲ್ಲಿಸಬೇಕು. ಸೂಜಿ ಕೀಳದೆ, ಅದರ ಮೂಲಕವೇ ನಾಳ ಹಿಗ್ಗಿಸುವ ಔಷಧಿ ಕೊಡಬೇಕು. ಪರೀಕ್ಷೆಯಲ್ಲಿ ಇದನ್ನು ಒಂದೂ ಪದ ಬಿಡದೆ ಬರೆದಿದ್ದೆ.

ಅವತ್ತು ನಾನು ಕೇಳಲಿಲ್ಲ. ಕೇಳದಿದ್ದರೂ ನೀವಾಗಿಯೇ ಹೇಳಿದಿರಿ. "ಅಮ್ಮಾ, ಬೆರಳ ತುದಿವರೆಗೂ ಉರೀತಿದೆ" ಎಂದಿರಿ. ನಾನು ಬಿಳಿ ಮದ್ದಿನ ಮಾತನ್ನು ಹಳದಿ ಮದ್ದಿಗೆ ಹೇಳಿ ಉಳಿದದ್ದನ್ನೂ ತಳ್ಳಿದೆ. ಆ ಮಾತು ತಾಯಿಯದಾಗಿರಲಿಲ್ಲ ಅಣ್ಣ, ಬಾಯಿಪಾಠದ್ದು. ನಿಮಗೆ ನಿದ್ದೆಯೂ ಬರಲಿಲ್ಲ. ಮದ್ದು ತಲೆಗೆ ಹೋಗುವ ಬದಲು ಕೈಗೆ ಹೋಗುತ್ತಿದ್ದುದರಿಂದ ಬರಲಿಲ್ಲ. ಸಾಲದೇನೋ ಎಂದು ಇನ್ನಷ್ಟು ಕೊಟ್ಟೆ. ಆಗ ನೀವು ಕೈ ಎಳೆದುಕೊಂಡಿರಿ. ಎಳೆದುಕೊಂಡದ್ದರಿಂದ ನಾನು ನಿಮ್ಮ ಅಂಗೈಯ ಕಡೆ ನೋಡಿದೆ. ಅದು ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಆಮೇಲೆ ಮಾಡಬೇಕಾದ್ದನ್ನೆಲ್ಲ ಮಾಡಿದೆವು. ನೀವು ಅವತ್ತು ಕಲ್ಲಿನ ಹಾಗೆ ಮಲಗಿದ್ದಿದ್ದರೆ ಇಡೀ ಕೈ ಹೋಗುತ್ತಿತ್ತು.

ಸೂಜಿ ಜಾರಿತು ಎನ್ನಿ, ಅದರಿಂದ ಯಾರಿಗೂ ನಷ್ಟವಿಲ್ಲ ಎಂದು ನಮ್ಮ ಹಿರಿಯ ವೈದ್ಯರು ಹೇಳಿದ್ದರು. ನನಗೂ ಅದೇ ಬೇಕಿತ್ತು, ಕಣ್ಣು ಮುಚ್ಚಿ ಒಪ್ಪಿಕೊಂಡೆ. ನಿಮ್ಮ ಮೊದಲ ಕಾಗದ ಬಂದಾಗ ನೀವು ತಪ್ಪನ್ನು ನಿಮ್ಮ ತಲೆಯ ಮೇಲೆ ಹೊತ್ತುಕೊಂಡಿದ್ದೀರಿ ಎಂದು ತಿಳಿಯಿತು. ನನ್ನ ಎದೆ ಹಗುರವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆ. ಮನೆಯಲ್ಲಿ ದಿನವೂ ಬೈಗುಳ ತಿನ್ನುತ್ತಿದ್ದೀರೆಂದು ಗೊತ್ತಿದ್ದೂ ನಾನು ಸ್ಪಂಜು ಕಳಿಸಿದೆ.

ನಿಮ್ಮ ಬೋರ್ಡು ನಮ್ಮ ಕೋಣೆಯಲ್ಲಿದ್ದರೆ, ಉರಿ ಎಂದು ಹೇಳಬೇಕಾದವರು ಅದನ್ನು ಓದಿ ಬಾಯಿ ಮುಚ್ಚಿಕೊಂಡಿರುತ್ತಾರೆ. ನಮಗಿರುವ ಎಚ್ಚರಿಕೆ ಅವರ ಬಾಯಿಮಾತೊಂದೇ.

ದೂರು ಕೊಡುವುದಿದ್ದರೆ ಈ ಪತ್ರವನ್ನೇ ಕೊಡಿ. ನಾನು ಅಲ್ಲಗಳೆಯುವುದಿಲ್ಲ.

ಇಂತಿ,
ಅರಿವಳಿಕೆ ವೈದ್ಯೆ


ಮೇ ೧೪

ಪೇಂಟರಣ್ಣ,

ನಿಮ್ಮಿಂದ ಉತ್ತರ ಬಂದಿಲ್ಲ. ಬರಬೇಕೆಂದು ಕೇಳುವ ಹಕ್ಕು ನನಗಿಲ್ಲ. ಪತ್ರ ತಲುಪಿದೆಯೋ ಇಲ್ಲವೋ ಎಂಬುದಷ್ಟೇ ಚಿಂತೆ, ಏಕೆಂದರೆ ತಲುಪದಿದ್ದರೆ ನೀವು ಇನ್ನೂ ಬೈಸಿಕೊಳ್ಳುತ್ತಿರುತ್ತೀರಿ.

ಆಸ್ಪತ್ರೆಯ ಮುಖ್ಯಸ್ಥರಿಗೆ ಎಲ್ಲವನ್ನೂ ಹೇಳಿದ್ದೇನೆ. ವಿಚಾರಣೆಯಾಗುತ್ತದೆ. ಹಿರಿಯ ವೈದ್ಯರು ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಇದನ್ನು ನಿಮ್ಮ ಕನಿಕರಕ್ಕಾಗಿ ಬರೆಯುತ್ತಿಲ್ಲ. ನಾನು ಹೇಳಿದ್ದು ನಿಮಗೊಬ್ಬರಿಗೆ ಮಾತ್ರವಲ್ಲ ಎಂದು ತಿಳಿಯಲಿ ಎಂದು.

ಹರ್ನಿಯಾವನ್ನು ಹಾಗೇ ಬಿಡಬೇಡಿ. ನನ್ನಲ್ಲಿಗೆ ಬರುವುದು ಬೇಡ, ಎಲ್ಲಾದರೂ ಮಾಡಿಸಿಕೊಳ್ಳಿ.

ಇಂತಿ,
ಅರಿವಳಿಕೆ ವೈದ್ಯೆ


ಜೂನ್ ೨೪

ಡಾಕ್ಟರಿಗೆ,

ಎರಡೂ ಕಾಗದ ತಲುಪಿವೆ. ಮೊದಲನೆಯದನ್ನು ಓದಿ ಕೆಲವು ದಿನ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಆಮೇಲೆ ಹೆಂಡತಿಗೆ ಓದಿ ಹೇಳಿದೆ. ನಿಮ್ಮ ವಂಶವನ್ನೆಲ್ಲ ಜಾಲಾಡಿಸುತ್ತಾಳೆ ಎಂದುಕೊಂಡಿದ್ದೆ. ಅವಳು ನಿಮ್ಮ ಸುದ್ದಿಯನ್ನೇ ಎತ್ತಲಿಲ್ಲ. ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಸುಮ್ಮಸುಮ್ಮನೆ ನಿಮ್ಮನ್ನ ಬೈದ್ನಲ್ಲ, ನೀವಾದ್ರೂ ಸುಮ್ಮನೆ ಬೈಸಿಕೊಂಡ್ರಲ್ಲ" ಎಂದು ಅತ್ತಳು. ನನಗೆ ಸಿಟ್ಟು ಬಂದದ್ದು ಆಗ. ಬೆರಳಿಗಾಗಿ ಬರಲಿಲ್ಲ, ಆ ದಿನಗಳಿಗಾಗಿ ಬಂತು. ಉರಿಯುತ್ತೆ ಎಂದವನು ನಾನು. ನನ್ನ ಕೈ ನನಗೆ ಹೇಳಿತ್ತು, ನಾನು ನಿಮಗೆ ಹೇಳಿದ್ದೆ. ಅದು ಸರಿಯಾಗಿಯೇ ಇತ್ತು ಎನ್ನುವುದನ್ನು ನನ್ನಿಂದಲೇ ಮುಚ್ಚಿಟ್ಟಿರಿ.

ಬೈದು ಬರೆಯಬೇಕೆಂದು ಎಷ್ಟೋ ಸಲ ಕುಳಿತೆ. ಎಡಗೈಯಲ್ಲಿ ಬೈಗುಳ ಬರೆಯುವುದು ಬಲು ನಿಧಾನ. ಸಾಲು ಮುಗಿಯುವಷ್ಟರಲ್ಲಿ ಸಿಟ್ಟು ಇಳಿದಿರುತ್ತಿತ್ತು. ಹರಿದು ಹಾಕಿದೆ.

ಹೋದ ವಾರ ಹರ್ನಿಯಾ ಆಪರೇಷನ್ ಇಲ್ಲೇ ಆಯಿತು. ಇಲ್ಲಿನ ಅರಿವಳಿಕೆಯವರು ಕುಳ್ಳ ಮನುಷ್ಯ, ಮುಖ ಗಂಟಿಕ್ಕಿಕೊಂಡೇ ಹುಟ್ಟಿದವರ ಹಾಗಿದ್ದಾರೆ. ಬಿಳಿ ಮದ್ದೋ ಹಳದಿಯೋ ಎಂದು ಕೇಳಿದೆ. ಹಳದಿ, ಯಾಕೆ ಎಂದರು. ಬಲಗೈ ತೋರಿಸಿದೆ, ಅವರಿಗೆ ಅರ್ಥವಾಯಿತು. ಎಡ ಅಂಗೈಯ ಹಿಂಬದಿಯಲ್ಲಿ ಸೂಜಿ ಹಾಕಿ, ಒಂದು ಚೂರು ಮದ್ದು ಬಿಟ್ಟು, ಕೈ ತಡೆದು, ಬಗ್ಗಿ ಕೇಳಿದರು: "ಉರೀತಿದೆಯಾ?" ಉರಿಯುತ್ತಿರಲಿಲ್ಲ. ಬಾಯಲ್ಲಿ ಈರುಳ್ಳಿಯಂಥ ರುಚಿ ಬಂತು. ಆಮೇಲೆ ಎಚ್ಚರವಾದದ್ದೇ ಗೊತ್ತು.

ಎಚ್ಚರವಾದಾಗ ಮೊದಲು ನೆನಪಾದದ್ದು ಆ ಪ್ರಶ್ನೆ. ಎಷ್ಟು ಸಣ್ಣ ಪ್ರಶ್ನೆ ಅದು ಡಾಕ್ಟರೇ. ಉಸಿರು ಎಳೆದು ಬಿಡುವಷ್ಟು ಹೊತ್ತೂ ಹಿಡಿಯಲಿಲ್ಲ.

ದೂರು ಕೊಡುವುದಿಲ್ಲ. ಕ್ಷಮಿಸಿದ್ದೇನೋ ಇಲ್ಲವೋ ನನಗೇ ಗೊತ್ತಿಲ್ಲ, ಗೊತ್ತಾದರೆ ಬರೆಯುತ್ತೇನೆ. ಬೋರ್ಡನ್ನು ಮಾತ್ರ ಬಸ್ಸಿನಲ್ಲಿ ಕಳಿಸಿದ್ದೇನೆ. ಹಳೆಯದರ ಮೇಲೆ ನೀಲಿ ಬಳಿದು ಬೇರೆ ಬರೆದಿದ್ದೇನೆ. ಸಾಲು ಬಲಕ್ಕೆ ಇಳಿದಿದೆ, ಕೊಂಬುಗಳೆಲ್ಲ ಸೊಟ್ಟ. ಕೂತು ತಿದ್ದಬಹುದಿತ್ತು, ತಿದ್ದಲಿಲ್ಲ. ಯಾರಾದರೂ ಅಕ್ಷರ ಯಾಕೆ ಹೀಗಿದೆ ಎಂದು ಕೇಳಿದರೆ ನಿಜ ಹೇಳಿ. ಕೇಳಿದವರಿಗೆಲ್ಲ ಹೇಳಿ. ನಾನು ನಿಮ್ಮಿಂದ ಕೇಳುವುದು ಅಷ್ಟೇ.

ಪೇಂಟರ್


ಜುಲೈ ೮

ಪೇಂಟರಣ್ಣ,

ಬೋರ್ಡು ಬಂತು. "ಉರಿದರೆ ಹೇಳಿ. ಗಟ್ಟಿಯಾಗಿ ಹೇಳಿ." ಪಕ್ಕದಿಂದ ಬೆಳಕು ಬಿದ್ದರೆ ನೀಲಿಯ ಕೆಳಗೆ ಹಳೆಯ ಅಕ್ಷರಗಳ ಉಬ್ಬು ಕಾಣುತ್ತದೆ.

ಎಲ್ಲಿ ಹಾಕುವುದೆಂದು ತಿಳಿಯದೆ, ಯಾರೂ ಇಲ್ಲದಾಗ ನಾನೇ ಆಪರೇಷನ್ ಮೇಜಿನ ಮೇಲೆ ಮಲಗಿ ನೋಡಿದೆ. ಮಲಗಿದರೆ ಗೋಡೆ ಕಾಣುವುದಿಲ್ಲ. ತಲೆಯ ಹಿಂದೆ ನಿಂತವರ ಮುಖವೂ ತಲೆಕೆಳಗಾಗಿ ಕಾಣುತ್ತದೆ. ನೇರಕ್ಕೆ ಕಾಣುವುದು ಛಾವಣಿಯೊಂದೇ. ಇಷ್ಟು ವರ್ಷ ಆ ಕೋಣೆಯಲ್ಲಿ ಕೆಲಸ ಮಾಡಿ ನಾನು ಅದನ್ನು ಒಮ್ಮೆಯೂ ಅಲ್ಲಿಂದ ನೋಡಿರಲಿಲ್ಲ. ಛಾವಣಿಗೇ ಹೊಡೆಸಿದ್ದೇನೆ.

ವಿಚಾರಣೆಯಲ್ಲಿ ಎಚ್ಚರಿಕೆ ಕೊಟ್ಟು, ಕೆಲವು ತಿಂಗಳು ಇನ್ನೊಬ್ಬರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಬೇಕೆಂದಿದ್ದಾರೆ. ಹಳದಿ ಮದ್ದನ್ನು ಈಗ ಮೊಣಕೈಯಲ್ಲಿ ಯಾರೂ ಕೊಡುವುದಿಲ್ಲ.

ನಿನ್ನೆ ಮೇಜಿನ ಮೇಲೆ ಮಲಗಿದ್ದವರು ಒಬ್ಬ ನಿವೃತ್ತ ಟೀಚರ್. ಬೋರ್ಡನ್ನು ಎರಡು ಸಲ ಓದಿದರು. "ಇಷ್ಟು ದೊಡ್ಡ ಆಸ್ಪತ್ರೆಗೆ ನೆಟ್ಟಗೆ ಬರೆಯೋರು ಒಬ್ರೂ ಸಿಗಲಿಲ್ವೇನಮ್ಮ?" ಎಂದರು. ನರ್ಸ್ ನಗಲು ಹೊರಟು ನನ್ನ ಮುಖ ನೋಡಿ ಔಷಧಿ ತಟ್ಟೆಯ ಕಡೆ ತಿರುಗಿದಳು. ನನ್ನ ಕೈಯಲ್ಲಿ ಹಳದಿ ಮದ್ದಿನ ಸಿರಿಂಜ್ ಇತ್ತು. ಆಪರೇಷನ್ ಆದ ಮೇಲೆ ಹೇಳಿದರಾಯಿತು, ಈಗ ಹೆದರುತ್ತಾರೆ ಎಂದು ಒಂದು ಕ್ಷಣ ಅನ್ನಿಸಿತು. ಅದೂ ತಪ್ಪಿಸಿಕೊಳ್ಳುವ ಮಾತೇ ಎಂದು ಗೊತ್ತಾಯಿತು.

"ಸಿಕ್ಕಿದ್ರು" ಎಂದೆ. "ಅವರು ಇಲ್ಲೇ ಮಲಗಿ ಕೈ ಉರೀತಿದೆ ಅಂದಾಗ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅದಕ್ಕೇ ಈಗ ಎಡಗೈಯಲ್ಲಿ ಬರೀತಾರೆ."

ಅವರು ನನ್ನನ್ನೇ ನೋಡುತ್ತಿದ್ದರು. ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋದರೆ ತಡೆಯುವುದು ಬೇಡ ಎಂದು ಸಿರಿಂಜನ್ನು ತಟ್ಟೆಯಲ್ಲಿಟ್ಟೆ. ಅವರು ಮತ್ತೊಮ್ಮೆ ಛಾವಣಿಯ ಕಡೆ ನೋಡಿ, ಸೂಜಿ ಹಾಕಿದ್ದ ಕೈಯನ್ನು ನನ್ನ ಕಡೆಗೆ ಚಾಚಿದರು.

"ಹಾಗಾದ್ರೆ ನೀವು ಕೇಳ್ತೀರ" ಎಂದರು. "ಕೊಡಿ."